ಮನೆ ಸಾಲಿನ ಕೋಸು

ಗೆಟ್ಟವಾಡಿಯಲ್ಲಿ ನಮ್ಮ ಪಕ್ಕದ ಹೊಲದ ರೈತರೊಬ್ಬರು ಕೋಸು ಬೆಳೆಯುತ್ತಿದ್ದರು. ಹಾಲು ಹಾಕದ ಬೆಲ್ಲದ ಬರಗಾಪಿ ಹೀರುತ್ತಾ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಕಾಪಿ ಕುಡೀರಿ, ಕೋಸು ತಿನ್ನಿ. ಈರಲಿಗೆ, ಅದೇ ಲಿವರ್ಗೆ, ಬಲ ಬಂದು ಮೈಯೊಳ್ಗಿನ ಇಸಾನೆಲ್ಲ ತೊಳ್ದಾಕ್ತದೆ."

ಒಂದು ಬೆಳಿಗ್ಗೆ ನಾವು ಲಾರಿಗೆ ಅವರ ಕೋಸು ತುಂಬುತ್ತಿದ್ದಾಗ ಹಿಂದಿನ ಬೀದಿಯ ಹೆಂಗಸು ಬಂದರು. ಅವರ ಗಂಡನಿಗೆ ಕ್ಯಾನ್ಸರ್.

"ನೀ ಯೋಳ್ತಿದ್ದಲ್ಲಣ್ಣ, ಒಂದ್ ಕೋಸ್ ಕೊಡು, ನಮ್ಮನೆಯವ್ರಿಗೆ ಬೇಯ್ಸಾಕ್ತೀನಿ" ಎನ್ನುತ್ತಾ ರಾಶಿಯಿಂದ ಒಂದನ್ನು ಎತ್ತಿಕೊಂಡರು.

"ಅದು ಬ್ಯಾಡ ಕಣವ್ವ."

ರೈತರು ಕಾಪಿ ಲೋಟ ಕೆಳಗಿಟ್ಟು ಅದನ್ನು ಆಕೆಯ ಕೈಯಿಂದ ತೆಗೆದುಕೊಂಡರು. ಮನೆಯವರಿಗೆಂದೇ ಔಷಧಿ ಹೊಡೆಯದೆ ಬೆಳೆಸಿದ್ದ ಸಾಲಿಗೆ ಹೋಗಿ ಬೇರೊಂದನ್ನು ಕೊಯ್ದು ತಂದರು. ಕೊಡುವಾಗ ತಲೆ ಎತ್ತಲಿಲ್ಲ.

"ಅದುಕ್ಕೇನಾಗಿತ್ತಣ್ಣ?"

ರೈತರು ತಲೆ ತಗ್ಗಿಸಿಯೇ ಆ ಮೊದಲಿನ ಕೋಸನ್ನು ಲಾರಿಗೆ ಹಾಕಿದರು. ನಾನೂ ನೆಲ ನೋಡಿದೆ. ನಮ್ಮ ಹೊಲದಲ್ಲೂ ಅಂಥದೊಂದು ಸಾಲಿದೆ.