ನನ್ನ ಡಬ್ಬಿ, ಅವಳ ಬ್ಯಾಗು

ಕುರುಗೋಡಿನಲ್ಲಿ ನನ್ನ ಗೆಳತಿಯದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ, ಹೆಂಗಸಿಗೆ ಈ ವ್ಯಾಪಾರ ಆಗುವುದಲ್ಲ ಎಂದು ಮೂಗು ಮುರಿದವರ ಎದುರಿಗೇ ಗಲ್ಲಾದಲ್ಲಿ ಕೂತು ನಡೆಸಿದ ಅಂಗಡಿ. ಯಾವ ಬೀಜ ಬಂದರೂ ಮೊದಲು ಒಂದು ಹಿಡಿ ತೆಗೆದು ಒದ್ದೆ ಗೋಣಿತಾಟಿನಲ್ಲಿ ಸುತ್ತಿಡುತ್ತಾಳೆ. ಮೊಳಕೆ ಕಂಡರೆ ಮಾತ್ರ ಆ ಮಾಲು ರೈತನ ಕೈಗೆ, ಇಲ್ಲದಿದ್ದರೆ ವಾಪಸ್. ಅದಕ್ಕೇ ಸಿರಿಗೇರಿ ಕಡೆಯವರೂ ಬಳ್ಳಾರಿಯ ದೊಡ್ಡ ಅಂಗಡಿಗಳನ್ನು ಬಿಟ್ಟು ಅವಳಲ್ಲಿಗೆ ಬರುತ್ತಿದ್ದರು.

ನಾನು ಸಿರುಗುಪ್ಪದ ಸರ್ಕಾರಿ ಶಾಲೆಯ ಟೀಚರಾಗಿದ್ದೆ. ಬಳ್ಳಾರಿಯ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದು, ಒಂದೇ ಬಕೆಟ್ ಬಿಸಿನೀರಿಗೆ ಜಗಳಾಡಿದವರು ನಾವು.

ಆ ವರ್ಷ ಬೀಜದ ಕಂಪನಿಯವರು ಹೆಚ್ಚು ಮಾಲು ಎತ್ತಿದ ಅಂಗಡಿಯವರಿಗೆ ದುಬೈ ಟೂರ್ ಇಟ್ಟರು. ಒಬ್ಬೊಬ್ಬರಿಗೆ ಎರಡು ಟಿಕೆಟ್. ಉಳಿದವರೆಲ್ಲ ಗಂಡಸರು, ಹೆಂಡತಿಯರ ಜೊತೆ ಹೊರಟರು. ಇವಳ ಎರಡನೇ ಟಿಕೆಟ್ಟಿನ ಮೇಲೆ ತಮ್ಮನ ಕಣ್ಣೂ ಇತ್ತು, ಮೈದುನನ ಕಣ್ಣೂ ಇತ್ತು. ಅವಳು ಫೋನ್ ಮಾಡಿದ್ದು ನನಗೆ.

"ಲೇ, ಹಾಸ್ಟೆಲ್‌ನ್ಯಾಗ ವಿಮಾನದ ಸಪ್ಪಳ ಕೇಳಿದ್ರ ಮಾಳಿಗಿ ಮ್ಯಾಲ ಓಡತಿದ್ವಲ್ಲ, ಈಗ ಅದರಾಗ ಕುಂದ್ರೋಣು ಬಾ. ಒಲ್ಲೆ ಅಂದ್ರ ನಿನ್ನ ಸಾಲಿಗೇ ಬಂದು ಎಳಕೊಂಡು ಹೋಗ್ತೀನಿ."

ಸರ್ಕಾರಿ ನೌಕರರು ಪರದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಆ ಕಡತ ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ವಿಮಾನ ಹೋಗಿ ವಾಪಸ್ಸೇ ಬಂದಿರುತ್ತದೆ. ನಾನು ಸೊಂಟನೋವೆಂದು ಡಾಕ್ಟರ ಚೀಟಿ ಇಟ್ಟು ರಜೆ ಹಾಕಿದೆ. ಇದು ಅವಳಿಗೂ ಗೊತ್ತಿತ್ತು. ನನ್ನನ್ನು ನೋಡಿದಾಗಲೆಲ್ಲ ಸೊಂಟ ಹಿಡಿದುಕೊಂಡು ನಗುತ್ತಿದ್ದಳು.

ನನ್ನ ಅಕ್ಕನ ಮಗಳು ದುಬೈನಲ್ಲೇ ಇದ್ದಳು, ಹೆರಿಗೆಯಾಗಿ ತಿಂಗಳಾಗಿತ್ತು. ಬಾಣಂತಿಗೆ ಅಂಟಿನುಂಡೆ ಒಯ್ಯದೆ ಬರಿಗೈಯಲ್ಲಿ ಹೇಗೆ ಹೋಗುವುದು? ನಮ್ಮ ಮನೆಯ ಅಂಟಿನುಂಡೆಗೆ ಕೊಬ್ಬರಿ, ಉತ್ತತ್ತಿ, ಅಂಟಿನ ಜೊತೆ ಹುರಿದ ಗಸಗಸೆ ಕೈತುಂಬ ಬೀಳಬೇಕು, ಮೈಮೇಲೂ ಉದುರಿಸಬೇಕು. ಟೂರಿನವನು ಎಲ್ಲರ ಫೋನಿಗೂ ಒಂದು ಪಟ್ಟಿ ಕಳಿಸಿದ್ದ. ಗಸಗಸೆ ಆ ದೇಶದಲ್ಲಿ ಅಫೀಮಿನ ಲೆಕ್ಕ, ತರಲೇಬೇಡಿ ಎಂದು ಕನ್ನಡದಲ್ಲೇ ಬರೆದಿತ್ತು. ನಾನು ಓದಿದ್ದೆ. ಉಂಡೆಯೊಳಗಿನ ಗಸಗಸೆ ಯಾರು ಹೆಕ್ಕಿ ನೋಡುತ್ತಾರೆ ಎಂದುಕೊಂಡೆ. ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಎರಡೆರಡು ಸಲ ಓದಿರಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಗದರಿದವಳು ನಾನೇ.

ಹೊರಡುವ ದಿನ ಅಂಗಡಿಯ ತಕ್ಕಡಿಯ ಮೇಲೆ ಬ್ಯಾಗುಗಳನ್ನು ಇಟ್ಟು ತೂಗಿದೆವು. ನನ್ನದು ಎರಡು ಕೇಜಿ ಹೆಚ್ಚು ಬಂತು.

"ಆ ಉಂಡಿ ಡಬ್ಬಿ ಇತ್ತಾಗ ತಾ, ನನ್ನ ಬ್ಯಾಗಿನಾಗ ಜಾಗ ಐತಿ" ಎಂದಳು. ಡಬ್ಬಿ ಕೈಗೆ ತೆಗೆದುಕೊಂಡು ಒಂದು ಗಳಿಗೆ ನಿಂತಳು. "ಗಸಗಸಿ ಹಾಕಿಲ್ಲ ಹೌದಿಲ್ಲೋ? ಪಟ್ಟಿ ಓದೀಯಲ್ಲ?"

"ಇಲ್ಲ ಬಿಡೇ" ಎಂದೆ.

"ಬಿಚ್ಚಿ ನೋಡ್ಲೇನು ಟೀಚರಮ್ಮಾ?" ಎಂದು ನಕ್ಕಳು. ಬಿಚ್ಚಲಿಲ್ಲ. ಕಂಪನಿಯವರ ಸೀಲು ಹಾಕಿದ ಚೀಲವನ್ನೂ ನಂಬದವಳು ನನ್ನ ಡಬ್ಬಿಯನ್ನು ಹಾಗೆಯೇ ಸೀರೆಗಳ ನಡುವೆ ಇಟ್ಟುಕೊಂಡಳು.

ಮುಂಜಾನೆ ಹತ್ತರ ಹೊತ್ತಿಗೆ ದುಬೈಯಲ್ಲಿ ಇಳಿದೆವು. ಕೆಳಗೆ ಕನ್ನಡಿಯಂಥ ನೆಲ, ಅವಳು ಚಪ್ಪಲಿ ಜಾರೀತೆಂದು ನನ್ನ ರಟ್ಟೆ ಹಿಡಿದೇ ನಡೆದಳು. ಬ್ಯಾಗು ತಪಾಸಣೆ ಮಾಡುವಲ್ಲಿ ನನ್ನದು ಸಲೀಸಾಗಿ ದಾಟಿತು. ಅವಳದನ್ನು ನಿಲ್ಲಿಸಿದರು. ಅಧಿಕಾರಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಪಕ್ಕಕ್ಕಿಟ್ಟು ನನ್ನ ಡಬ್ಬಿ ತೆಗೆದ. ಒಂದು ಉಂಡೆಯನ್ನು ಬಿಳಿ ಕಾಗದದ ಮೇಲಿಟ್ಟು ಮುರಿದ. ಗಸಗಸೆ ಉದುರಿತು. ಅವನು ಇನ್ನೊಬ್ಬನನ್ನು ಕರೆದು, ಅವಳ ಕಡೆ ತಿರುಗಿ ಹಿಂದಿಯಲ್ಲಿ ಇದು ಯಾರದೆಂದು ಕೇಳಿದ.

ನಾನು ಹತ್ತು ಹೆಜ್ಜೆ ಮುಂದೆ ನಿಂತಿದ್ದೆ. ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ನಾನು ಬಾಯಿ ಬಿಡುತ್ತೇನೆಂದು ಕಾದಳು, ಅಷ್ಟೇ. ನನ್ನ ತಲೆಯಲ್ಲಿ ಓಡಿದ್ದು ಒಂದೇ: ಕಾಗದದಲ್ಲಿ ನನ್ನ ಹೆಸರು ಬಂದರೆ ಸುಳ್ಳು ರಜೆ ಹೊರಬೀಳುತ್ತದೆ, ಸಸ್ಪೆಂಡ್ ಆಗುತ್ತೇನೆ, ಪಿಂಚಣಿಗೂ ಕಲ್ಲು ಬೀಳುತ್ತದೆ. ನಾನು ನನ್ನ ಬ್ಯಾಗಿನ ಹಿಡಿಕೆ ಸರಿಮಾಡತೊಡಗಿದೆ.

"ಮೇರಾ" ಎಂದಳು ಅವಳು, ಅಂಗಡಿಯಲ್ಲಿ ಕಲಿತ ಉರ್ದುವಿನಲ್ಲಿ.

ಅಧಿಕಾರಿ ನನ್ನನ್ನೂ ನೋಡಿ, ನೀವು ಇವರ ಜೊತೆಯವರಾ ಎಂದು ಕೇಳಿದ. ಬರೀ ಪರಿಚಯದವರು, ಒಂದೇ ಟೂರಿನಲ್ಲಿ ಬಂದಿದ್ದೇವೆ ಎಂದೆ. ಅವಳಿಗೆ ಕೇಳಿಸಿತು. ಅವಳ ಉರ್ದು ನನ್ನ ಹಿಂದಿಗಿಂತ ಚೆನ್ನಾಗಿತ್ತು.

ಅವಳನ್ನು ಒಳಗಿನ ಕೋಣೆಗೆ ಕರೆದೊಯ್ದರು. ಅವರದೇನೂ ತಪ್ಪಿರಲಿಲ್ಲ, ಅವರ ದೇಶದ ಕಾನೂನು ಹಾಗೆ. ಟೂರಿನವನು ತನ್ನ ಕಡೆಯ ಒಬ್ಬನನ್ನು ಅಲ್ಲಿ ಬಿಟ್ಟು ನಮ್ಮನ್ನೆಲ್ಲ ಬಸ್ಸಿಗೆ ಹತ್ತಿಸಿದ. ನಾನೂ ಹತ್ತಿದೆ. ಇಂದಿಗೂ ನನಗೆ ನಂಬಲಾಗದ್ದು ಅದೇ, ನಾನು ಹತ್ತಿದೆ! ಮುಗಿಲಿಗೆ ಮುಟ್ಟುವ ಕಟ್ಟಡಗಳು, ರಸ್ತೆಯುದ್ದಕ್ಕೂ ಗೊನೆಗೊನೆಯಾಗಿ ಖರ್ಜೂರ, ಕಸಕಡ್ಡಿಯಿಲ್ಲದ ಬೀದಿಗಳು. ಒಂದೂ ಕಣ್ಣಿಗೆ ಹತ್ತಲಿಲ್ಲ. ಪಕ್ಕದ ಖಾಲಿ ಸೀಟಿನ ಮೇಲೆ ನನ್ನ ಕೈಚೀಲ ಇಟ್ಟುಕೊಂಡಿದ್ದೆ, ಬೇರೆ ಯಾರೂ ಕೂರದಿರಲೆಂದು.

ಸಂಜೆ ಐದಕ್ಕೆ ಅವಳು ಹೋಟೆಲಿಗೆ ಬಂದಳು. ಕಣ್ಣು ಬಾತಿದ್ದವು.

"ಏನೇನೋ ಬರಿಸ್ಕೊಂಡು ಸಹಿ ಹಾಕಿಸ್ಕೊಂಡ್ರು. ಉಂಡಿ ಅವರೇ ಇಟಗೊಂಡ್ರು" ಎಂದಳು. ಆಮೇಲೆ, "ನೀ ಊಟ ಮಾಡಿಯೇನು?"

ತಪ್ಪಾಯಿತು ಎನ್ನಲು ಅದೇ ಹೊತ್ತು. ನಾನು ಹೂಂ ಎಂದೆ. ಅವಳು ಮುಖ ತೊಳೆದು ಗೋಡೆ ಕಡೆ ತಿರುಗಿ ಮಲಗಿದಳು. ಉಳಿದ ಮೂರು ದಿನವೂ ನನ್ನ ಜೊತೆಗೇ ತಿರುಗಾಡಿದಳು, ಸಮುದ್ರ ನೋಡಿದಳು, ಆದರೆ ಒಮ್ಮೆಯೂ ರಟ್ಟೆ ಹಿಡಿಯಲಿಲ್ಲ.

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಟೂರಿಗೆ ಬಂದಿದ್ದ ಅಂಗಡಿಕಾರರು ಕಡ್ಡಿಯನ್ನು ಗುಡ್ಡ ಮಾಡಿದ್ದರು. ಒಂದು ದಿನ ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವನೊಬ್ಬ, "ಕುರುಗೋಡ ಬೀಜದಕ್ಕ ಅಫೀಮು ಒಯ್ದು ಸಿಕ್ಕಿಬಿದ್ಲಂತ. ಅಂಥಾಕಿ ಬೀಜದಾಗ ಏನ್ ಕಲಸಿರತಾಳೋ ಯಾರಿಗ್ಗೊತ್ತು" ಎಂದ. ನಾನು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತೆ. ಅವಳ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಆ ಹಂಗಾಮಿನಲ್ಲಿ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಡಬ್ಬಿ ಯಾರದೆಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅದು ಅವಳಿಗೆ ಗೊತ್ತಿತ್ತು.

ಹೋದ ವರ್ಷ ನಾನು ನಿವೃತ್ತಳಾದೆ. ಪಿಂಚಣಿಯ ಆದೇಶ ಕೈಗೆ ಬಂದ ಮೇಲೆ, ಅದಕ್ಕಿಂತ ಒಂದು ದಿನವೂ ಮೊದಲಲ್ಲ, ಕುರುಗೋಡಿಗೆ ಹೋದೆ. ಅಂಗಡಿಯಲ್ಲಿ ಮೂರು ನಾಲ್ಕು ಜನ ರೈತರಿದ್ದರು. ಅವರ ಮುಂದೆಯೇ, ಆ ಡಬ್ಬಿ ನನ್ನದು, ಇವಳಿಗೆ ಸುಳ್ಳು ಹೇಳಿ ಕೊಟ್ಟಿದ್ದೆ, ಇವಳದೇನೂ ತಪ್ಪಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಡಬ್ಬಿ ಎಂಬುದೇ ಅವರಿಗೆ ತಿಳಿಯಲಿಲ್ಲ. ಆ ಕಥೆ ಕೇಳಿ ಅಂಗಡಿ ಬಿಟ್ಟವರು ಇವರಲ್ಲ, ಅವರು ಮತ್ತೆ ಬಂದಿರಲೇ ಇಲ್ಲ.

ಅವಳು ತಕ್ಕಡಿಯ ಮೇಲಿನ ಬೀಜ ಚೀಲಕ್ಕೆ ಸುರಿದು ಬಾಯಿ ಕಟ್ಟಿದಳು.

"ಹದ ಹೋದ ಮ್ಯಾಲ ಬಿತ್ತಿದ್ರ ಏನ್ ಮೊಳಿತೈತ್ರಿ?" ಎಂದಳು. ನಲವತ್ತು ವರ್ಷದಲ್ಲಿ ಅವಳು ನನಗೆ 'ರೀ' ಎಂದದ್ದು ಅದೇ ಮೊದಲು. "ಕುಂದರ್ರಿ, ಚಾ ತರಸ್ತೀನಿ."

ಚಾ ಬಂತು. ಲೋಟ ಕೈಯಲ್ಲಿ ಹಿಡಿದೇ ಕೂತೆ. ಸಿರಿಗೇರಿಯ ಮುದುಕರೊಬ್ಬರು ನನ್ನ ಕಣ್ಣೀರು ನೋಡಿ ಅವಳನ್ನು ಮೆಲ್ಲಗೆ ಕೇಳಿದರು.

"ಯಾರವ್ವಾ ಇವರು? ನಿಮ್ಮ ಪೈಕಿಯೋರೇನು?"

ಅವಳು ಒದ್ದೆ ಗೋಣಿತಾಟನ್ನು ಬಿಡಿಸಿ, ಮೊಳಕೆ ಎಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇಲ್ಲಪ್ಪ" ಎಂದಳು, "ಪರಿಚಯದೋರು."