ಮನೆಯ ಆರು ಓಟು

ತೆರಕಣಾಂಬಿ ಹತ್ತಿರದ ನಮ್ಮ ಮನೆಯಲ್ಲಿ ಆರು ಓಟುಗಳಿವೆ. ಪ್ರತಿ ಚುನಾವಣೆಯಲ್ಲೂ ಅವನ್ನು ಹಂಚುವವರು ನಮ್ಮ ಮಾವ. ಗಂಡಸರ ಮೂರು ಓಟು ಗೆಲ್ಲುವಂತೆ ಕಾಣುವ ಪಕ್ಷಕ್ಕೆ. ಅತ್ತೆ, ಓರಗಿತ್ತಿ ಮತ್ತು ನಾನು ಸೋಲುವಂತೆ ಕಾಣುವ ಪಕ್ಷಕ್ಕೆ. ಎರಡು ಕಡೆಯವರಿಗೂ ಬೇಕಾದವರಾಗಿ ಇರಬೇಕು ಎನ್ನುವುದು ಅವರ ಲೆಕ್ಕಾಚಾರ. ಮದುವೆಯಾಗಿ ಬಂದಾಗಿನಿಂದ ನಾನೂ ಬಾಯಿ ಮುಚ್ಚಿಕೊಂಡು ಸೋಲುವವರ ಗುಂಡಿ ಒತ್ತುತ್ತಾ ಬಂದೆ. ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಈ ಸಲ ಆ ಎರಡೂ ಪಕ್ಷಕ್ಕೆ ಸೇರದ ಹೆಂಗಸೊಬ್ಬರು ನಿಂತಿದ್ದರು. ಬದನಗುಪ್ಪೆಯ ಕಾರ್ಖಾನೆಗೆ ಹೋಗುವ ನಮಗೆ ಬೆಳಗಿನ ಬಸ್ಸು ಬೇಕೆಂದು ಬಸ್ ಡಿಪೋ ಮುಂದೆ ಧರಣಿ ಕೂತವರು ಅವರೊಬ್ಬರೇ. ಗೆಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು. ಒಂದು ವಾರ ಒದ್ದಾಡಿದೆ. ಓಟಿನ ಹಿಂದಿನ ದಿನ ಮಾವ ಊಟಕ್ಕೆ ಕೂತು ಎಂದಿನಂತೆ ಹಂಚಿಕೆ ಹೇಳುವಾಗ, ನನ್ನ ಓಟು ಆಕೆಗೆ ಎಂದುಬಿಟ್ಟೆ.

"ಅವಮ್ಮ ಗೆಲ್ಲಾಕಿಲ್ಲ ಕಣಮ್ಮಿ. ಸುಮ್ನೆ ಓಟು ವೇಸ್ಟ್ ಮಾಡ್ಬ್ಯಾಡ," ಎಂದರು ಮಾವ.

ನನಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ವರ್ಸ ಸೋಲೋರಿಗೇ ಅಂತ ನಮ್ಮ ಓಟು ಎತ್ತಿಟ್ರಲ್ಲ ಮಾವ, ಅದು ವೇಸ್ಟ್ ಆಗ್ನಿಲ್ವಾ?" ಎಂದೆ.

ಸಾರು ಬಡಿಸುತ್ತಿದ್ದ ಅತ್ತೆ ಸೌಟನ್ನು ಪಾತ್ರೆಗೆ ಬಿಟ್ಟು ನನ್ನ ಕಡೆ ತಿರುಗಿದರು.

"ಅವಮ್ಮನ ಗುರುತು ಯಾವ್ದು, ನಂಗೂ ಯೋಳು."