ಬೀರಪ್ಪ ಕೊಡದ ದೇಶ

ದೇವರ ಕೌಲನ್ನು ನಾನು ಸುಳ್ಳು ಮಾಡಿದೆ. ಅದರಿಂದ ನನ್ನ ಗೆಳೆಯ ಮಾಳಪ್ಪ ಸತ್ತ. ಇಷ್ಟು ಹೇಳಲು ನನಗೆ ಹತ್ತು ವರ್ಷದ ಮೇಲೆ ಹಿಡಿಯಿತು — ಅದೂ ತಾನಾಗಿ ಬಾಯಿಗೆ ಬಂದದ್ದಲ್ಲ, ತಪ್ಪಿಸಿಕೊಳ್ಳಲು ಬೇರೆ ದಾರಿ ಉಳಿಯದಾಗ ಬಂದದ್ದು. ಆದ್ದರಿಂದ ಓದುವವರು ನನ್ನ ಪ್ರಾಮಾಣಿಕತೆಗೆ ತಲೆದೂಗುವ ಅಗತ್ಯವಿಲ್ಲ.

ಕೌಲು ಎಂದರೇನೆಂದು ತಿಳಿಯದವರಿಗೆ ಮೊದಲು ಹೇಳಿಬಿಡುತ್ತೇನೆ. ಉಮರ್ಗಾದಿಂದ ಮುರುಮಕ್ಕೆ ಹೋಗುವ ದಾರಿಯ ಬದಿಗೆ ನಮ್ಮೂರು. ಊರ ಹೊರಗೆ ಬೀರಪ್ಪನ ಗುಡಿ. ಕುರಿ ಸಾಕಿ, ಹೊಲ ಮಾಡಿ ಬದುಕುವ ನಮ್ಮ ಕೆಲವು ಮನೆತನಗಳಿಗೆ ಪೂಜೆಯ ಪಾಳಿ ಸರದಿಯಂತೆ ಬರುತ್ತದೆ. ಯಾವುದಾದರೂ ವಿಷಯ ಇತ್ಯರ್ಥವಾಗದಿದ್ದರೆ — ಆ ಮನೆಗೆ ಹೆಣ್ಣು ಕೊಡುವುದೋ ಬೇಡವೋ, ಬಾವಿ ಈ ಕಡೆ ತೋಡುವುದೋ ಆ ಕಡೆಯೋ — ಪಾಳಿಯವನು ಹೂವಿನ ಎರಡು ಎಸಳುಗಳನ್ನು ನೀರಲ್ಲಿ ಅದ್ದಿ ದೇವರ ಎಡಕ್ಕೊಂದು, ಬಲಕ್ಕೊಂದು ಅಂಟಿಸುತ್ತಾನೆ. ಒಂದೊಂದು ಎಸಳಿಗೆ ಒಂದೊಂದು ಮಾತು. ಯಾವುದು ಮೊದಲು ಬೀಳುತ್ತದೋ ಅದು ದೇವರ ಮಾತು. ಬಿದ್ದ ಮೇಲೆ ಅದರ ಬಗ್ಗೆ ಯಾರೂ ವಾದಿಸುವುದಿಲ್ಲ.

ಆ ವರ್ಷ ಪಾಳಿ ನಮ್ಮ ಮನೆಯದಾಗಿತ್ತು. ನಾನು ನಿಲಂಗಾದ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ವಾರವೆಲ್ಲ ಮರಾಠಿಯಲ್ಲಿ ಗುರುತ್ವಾಕರ್ಷಣೆ ಕಲಿಸಿ, ಭಾನುವಾರ ಊರಿಗೆ ಬಂದು ಕನ್ನಡದಲ್ಲಿ ಪೂಜೆ ಮಾಡುವವನು. ಎಸಳು ಯಾಕೆ ಬೀಳುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ದೇವರ ಮೇಲೆ ನಂಬಿಕೆ ಇರಲಿಲ್ಲವೇ ಎಂದು ಕೇಳಿದರೆ — ಇತ್ತು, ನನಗೆ ಬೇಕಾದಾಗ ಇತ್ತು.

ಮಾಳಪ್ಪ ನನಗಿಂತ ಕೆಲವೇ ತಿಂಗಳು ದೊಡ್ಡವನು. ನಾನು ಶಾಲೆ ಮುಗಿಸಿ ಕಾಲೇಜಿಗೆ ಹೋದಾಗ ಅವನು ಕುರಿಗಳ ಹಿಂದೆ ಹೋದ. ಆದರೂ ನಮ್ಮ ಗೆಳೆತನಕ್ಕೆ ಏನೂ ಆಗಲಿಲ್ಲ. ಒಮ್ಮೆ ನಮ್ಮ ಶಾಲೆಯ ಮಾಸ್ತರರ ಗುಂಪು ಕಳಸೂಬಾಯಿ ಶಿಖರ ಹತ್ತಲು ಹೊರಟಾಗ ಅವನನ್ನೂ ಕರೆದುಕೊಂಡು ಹೋಗಿದ್ದೆ. ನಾವೆಲ್ಲ ನಾಲಗೆ ಹೊರಚಾಚಿ ಮೇಲೆ ತಲುಪುವ ಹೊತ್ತಿಗೆ ಅವನು ಅಲ್ಲಿ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ. ಅಲ್ಲಿಂದ ಅವನಿಗೆ ಗುಡ್ಡದ ಹುಚ್ಚು ಹಿಡಿಯಿತು. ಮುಂದೆ ಹಿಮಾಚಲಕ್ಕೂ ಹೋಗಿಬಂದೆವು. ಆಮೇಲೆ ಇಬ್ಬರೂ ಸೇರಿ ನಿಶ್ಚಯ ಮಾಡಿದೆವು — ಇನ್ನು ಹತ್ತಿದರೆ ದೇಶ ದಾಟಿ ಹತ್ತಬೇಕು.

ಜಗಳ ಶುರುವಾದದ್ದು ಅಲ್ಲಿಯೇ. ನೇಪಾಳವೋ ಭೂತಾನವೋ? ಎರಡಕ್ಕೂ ನಮಗೆ ವೀಸಾ ಬೇಡ, ಎರಡೂ ಒಂದೇ ಹಿಮಾಲಯದ ಮಡಿಲಲ್ಲಿವೆ. ನನಗೆ ನೇಪಾಳ ಬೇಕಿತ್ತು — ಎವರೆಸ್ಟ್ ಬೇಸ್ ಕ್ಯಾಂಪ್. ಅದಕ್ಕಿಂತ ಕಡಿಮೆಯದು ಬೇಡ. ಕಾರಣ ಹೇಳಿದರೆ ನಿಮಗೆ ನಗು ಬರಬಹುದು. ನಮ್ಮ ಶಾಲೆಯ ಗಣಿತದ ಮಾಸ್ತರ ಅಲ್ಲಿಗೆ ಹೋಗಿಬಂದು, ತಾನು ಅಲ್ಲಿ ನಿಂತ ಫೋಟೋವನ್ನು ಚೌಕಟ್ಟು ಹಾಕಿಸಿ ಮಾಸ್ತರರ ಕೋಣೆಯ ಗೋಡೆಗೆ ತೂಗುಹಾಕಿದ್ದ. ದಿನವೂ ಊಟದ ಡಬ್ಬಿ ಬಿಚ್ಚಿದರೆ ನನ್ನ ಎದುರಿಗೆ ಅವನ ಹಲ್ಲು. ಆ ಹಲ್ಲಿನ ಪಕ್ಕದಲ್ಲಿ ನನ್ನದೂ ಒಂದು ಫೋಟೋ ತೂಗಬೇಕಿತ್ತು. ಅಷ್ಟೇ — ಅದಕ್ಕಿಂತ ದೊಡ್ಡದೇನೂ ಇರಲಿಲ್ಲ.

ಮಾಳಪ್ಪನಿಗೆ ಭೂತಾನ ಬೇಕಿತ್ತು. ಅಲ್ಲಿ ಅಷ್ಟೊಂದು ಎತ್ತರಕ್ಕೆ ಹೋಗದ, ಕೆರೆಗಳ ದಂಡೆಯಲ್ಲಿ ಡೇರೆ ಹಾಕಿಕೊಂಡು ನಡೆಯುವ ಒಂದು ದಾರಿಯನ್ನು ಮೊಬೈಲಿನಲ್ಲಿ ನೋಡಿ ಮನಸ್ಸು ಕೊಟ್ಟಿದ್ದ.

"ಆ ದೇಶದ ಮಂದಿ ದೇವರ ಗುಡ್ಡದ ನೆತ್ತಿ ಮ್ಯಾಲ ಯಾರಿಗೂ ಕಾಲಿಡ್ಲಾಕ ಬಿಡಲ್ಲಂತ ನೋಡಲೇ," ಅಂದ. "ಅಂಥಾ ಮಂದಿನ್ನ ಒಮ್ಮಿ ನೋಡಬೇಕು."

"ಮಂದಿ ನೋಡ್ಲಾಕ ಅಷ್ಟ ದೂರ ಯಾಕ? ಉಮರ್ಗಾ ಬಜಾರಕ್ಕ ಹೋಗು," ಅಂದೆ.

ಹೀಗೆ ತಿಂಗಳುಗಟ್ಟಲೆ ನಡೆಯಿತು. ಅವನ ಹೆಂಡತಿ ಸುಮಿತ್ರಾ ವೈನಿಗೆ ಕೇಳಿ ಕೇಳಿ ಸಾಕಾಗಿತ್ತು. ಒಂದು ದಿನ ಚಹಾ ಕೊಡುತ್ತ ನಗುತ್ತಲೇ ಅಂದರು: "ನಿಮ್ಮ ಜಗಳ ಕೇಳಿ ಕಿವಿ ಹೋಗ್ಯಾವ. ಬೀರಪ್ಪಗ ಕೇಳ್ರಲ್ಲ. ಅಂವಾ ಯಾವ ದೇಶ ಕೊಡ್ತಾನ, ಸುಮ್ಮ ಅಲ್ಲಿಗಿ ಹೋಗ್ರಿ."

ಮುಂದಿನ ಭಾನುವಾರ ಗುಡಿಯಲ್ಲಿ ನಾವಿಬ್ಬರು ಮತ್ತು ವೈನಿ, ಮೂವರೇ ಇದ್ದೆವು. ಬಲಕ್ಕೆ ನೇಪಾಳ, ಎಡಕ್ಕೆ ಭೂತಾನ ಎಂದು ಮಾತಾಯಿತು. ಮಾಳಪ್ಪ ಟೋಪಿ ತೆಗೆದು ಕಣ್ಣು ಮುಚ್ಚಿ ನಿಂತಿದ್ದ. ನೈವೇದ್ಯದ ಬೆಲ್ಲ ಮುರಿದ ನನ್ನ ಹೆಬ್ಬೆರಳು ಇನ್ನೂ ಅಂಟಂಟಾಗಿತ್ತು — ತೊಳೆದುಕೊಳ್ಳಬೇಕಿತ್ತು, ನೀರು ಕೈಯಳತೆಯಲ್ಲೇ ಇತ್ತು. ತೊಳೆಯಲಿಲ್ಲ. ಭೂತಾನದ ಎಸಳನ್ನು ಆ ಹೆಬ್ಬೆರಳಿನಿಂದ ಒತ್ತಿದೆ, ಬೇಕಾದುದಕ್ಕಿಂತ ಜಾಸ್ತಿ ಹೊತ್ತು ಒತ್ತಿದೆ. ನೇಪಾಳದ ಎಸಳನ್ನು ಬರೀ ನೀರಿನಲ್ಲಿ ತಾಗಿಸಿ ಬಿಟ್ಟೆ. ಅದು ಬಿತ್ತು. ಬೀಳದೇ ಏನು ಮಾಡುತ್ತದೆ?

ಮಾಳಪ್ಪ ಬಿದ್ದ ಎಸಳನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಅವನ ಮುಖದಲ್ಲಿ ಸೋತ ಬೇಸರ ಒಂದಿಷ್ಟೂ ಇರಲಿಲ್ಲ. "ಬೀರಪ್ಪ ನೇಪಾಳ ಕೊಟ್ಟ. ಮುಗೀತು," ಅಂದ. ಆವತ್ತಿನಿಂದ ನನಗಿಂತ ಹೆಚ್ಚಿನ ಉಮೇದು ಅವನದೇ. ನಾನು ಒಳಗೊಳಗೇ ನಕ್ಕೆ. ಗೆಳೆಯರ ನಡುವಿನ ಒಂದು ಚೇಷ್ಟೆ, ಬಂದ ಮೇಲೆ ಹೇಳಿದರಾಯಿತು, ಬೈದು ನಗುತ್ತಾನೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ — ಆದರೆ ಇದನ್ನು ಬರೆಯುವಾಗಲೂ ನನಗೆ ಅನುಕೂಲವಾದದ್ದನ್ನೇ ನೆನಪಿಸಿಕೊಳ್ಳುತ್ತಿದ್ದೇನೇನೋ.

ಕಠ್ಮಂಡುವಿನಿಂದ ಸಣ್ಣ ವಿಮಾನದಲ್ಲಿ ಲುಕ್ಲಾಕ್ಕೆ ಹೋಗಿ ಅಲ್ಲಿಂದ ನಡೆಯತೊಡಗಿದೆವು. ಜೊತೆಗೆ ಹಿಂದಿ ಬಲ್ಲ ಒಬ್ಬ ಗೈಡ್ ಇದ್ದ. ಮೊದಲು ಮಾಳಪ್ಪನೇ ಎಲ್ಲರಿಗಿಂತ ಮುಂದೆ. ದಾರಿಯಲ್ಲಿ ಎದುರಾದ ಯಾಕ್‌ಗಳ ಹಲ್ಲು ನೋಡಿ ವಯಸ್ಸು ಹೇಳುತ್ತ, ಗೈಡನನ್ನು ನಗಿಸುತ್ತ ನಡೆಯುತ್ತಿದ್ದ. ಡಿಂಗ್ಬೋಚೆ ಎಂಬ ಹಳ್ಳಿ ತಲುಪಿದಾಗ ಅವನಿಗೆ ತಲೆನೋವು ಬಂತು. ಮರುದಿನ ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿದ. ಒಣ ಕೆಮ್ಮು. ಗೈಡ್ ಅವನ ಮುಖ ನೋಡಿ, ಕೆಳಗೆ ಹೋಗೋಣ, ಸುಧಾರಿಸಿದರೆ ಮತ್ತೆ ಬರೋಣ ಎಂದ. ಒಮ್ಮೆಯಲ್ಲ, ಎರಡು ಸಲ ಹೇಳಿದ.

ಮಾಳಪ್ಪ ಒಪ್ಪಲಿಲ್ಲ. ನನಗೆ ಅಂದ: "ನನ್ನ ಮನಸಿಗಿ ಬಂದು ನಾ ಬಂದಿಲ್ಲಲೇ ಇಲ್ಲಿಗಿ. ಬೀರಪ್ಪ ಕೊಟ್ಟ ದಾರಿ. ಅರ್ಧಾಕ ಬಿಟ್ಟು ಇಳದ್ರ ನಾಳಿ ಅವನ ಮುಂದ ಹ್ಯಾಂಗ ನಿಂದ್ರಲಿ? ಕಳಸಿದಾಂವಾ ಕಾಯ್ತಾನ, ನಡಿ."

ಹೇಳಬೇಕಾಗಿದ್ದ ಹೊತ್ತು ಅದು. ಕಳಿಸಿದವನು ಬೀರಪ್ಪನಲ್ಲ, ನಾನು — ಒಂದೇ ಮಾತು. ಹೇಳಿದ್ದರೆ ಅವನು ನನಗೊಂದು ಹೊಡೆದು, ಆ ಗಳಿಗೆಯಲ್ಲೇ ಬೆನ್ನು ತಿರುಗಿಸಿ ಇಳಿಯುತ್ತಿದ್ದ. ನನಗೆ ಅದರಲ್ಲಿ ಸಂಶಯವಿರಲಿಲ್ಲ, ಈಗಲೂ ಇಲ್ಲ.

"ಮಾಳ್ಯಾ," ಅಂದೆ.

"ಏನಲೇ?"

"ನೀರು ಕುಡಿ," ಅಂದೆ.

ಯಾಕೆ ಹೇಳಲಿಲ್ಲ? ನಾಚಿಕೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಾಚಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು — ಅವನು ಇಳಿದರೆ ನಾನೂ ಇಳಿಯಬೇಕಾಗುತ್ತಿತ್ತು. ಬೇಸ್ ಕ್ಯಾಂಪ್ ಅಷ್ಟು ಹತ್ತಿರ ಬಂದಿತ್ತು. ಎತ್ತರದಲ್ಲಿ ಗಾಳಿ ತೆಳುವಾದರೆ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ ಮನುಷ್ಯ ನಾನು.

ಮರುದಿನ ಲೊಬುಚೆಯಲ್ಲಿ ಅವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಮಾತು ತೊದಲುತ್ತಿತ್ತು. ಉಸಿರಾಡಿದರೆ ಎದೆಯಲ್ಲಿ ನೀರು ಕುದಿಯುವ ಸದ್ದು. ಮೋಡ ಕವಿದು ಹೆಲಿಕಾಪ್ಟರ್ ಬರಲಿಲ್ಲ. ಗೈಡ್ ಮತ್ತು ಇನ್ನಿಬ್ಬರು ಸರದಿಯ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದರು. ನಾನು ಹಿಂದೆ ಹಿಂದೆ, ಅವನ ಚೀಲ ಹೊತ್ತು ಓಡುತ್ತಿದ್ದೆ. ಕೆಳಗಿನ ದವಾಖಾನೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಗೈಡ್ ನಿಂತ, ಅವನನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿದ. ಆಗಲೂ ನಾನು ಅವನ ಕಿವಿಯ ಹತ್ತಿರ ಬಾಗಿ ನಿಜ ಹೇಳಲಿಲ್ಲ. ಹೇಳಿದರೆ ಕೇಳುವವನು ಆಗ ಇರಲಿಲ್ಲ ಕೂಡ.

ಹೈದರಾಬಾದಿನವರೆಗೆ ವಿಮಾನದಲ್ಲಿ, ಅಲ್ಲಿಂದ ಗಾಡಿಯಲ್ಲಿ ಅವನನ್ನು ಊರಿಗೆ ತಂದೆ. ಎಲ್ಲರೂ ನನ್ನನ್ನೇ ತಬ್ಬಿ ಅತ್ತರು. ಪರದೇಶದಿಂದ ಗೆಳೆಯನ ಹೆಣ ಬಿಡದೆ ಮನೆಗೆ ತಂದವನು ಎಂದು ನನಗೆ ಊರಲ್ಲಿ ಮರ್ಯಾದೆ ಹೆಚ್ಚಿತು. ಅದನ್ನೂ ಬೇಡವೆನ್ನಲಿಲ್ಲ ನಾನು.

ಮಾಳಪ್ಪನ ವರ್ಷಾಬ್ದಿಕ ಕಳೆದ ಮೇಲೆ ಒಂದು ಮಧ್ಯಾಹ್ನ ಸುಮಿತ್ರಾ ವೈನಿ ನನ್ನ ಮುಂದೆ ಬಾಯಿ ಬಿಟ್ಟರು. ಗಂಡಸಿನ ಮುಂದೆ ಹೇಳುವ ಮಾತಲ್ಲ, ಆದರೆ ಬೇರೆ ಯಾರಿಗೆ ಹೇಳುವುದು ಎಂದು ನನಗೆ ಹೇಳಿದರು.

"ಕೌಲು ಹಚ್ಚಿದ ದಿನಾ ಸಂಜಿಗೇ ನಾ ಹೊರಗಾದೆ, ಭಾವೂಜಿ. ಗುಡ್ಯಾಗ ನಿಂತಾಗಲೇ ಆಗಿತ್ತೇನೋ. ನನಗ ತಿಳೀಲಿಲ್ಲ. ನನ್ನ ಮೈಲಿಗಿಗೇ ಕೌಲು ಕೆಟ್ಟದ. ಕೇಳ್ರಿ ಅಂದಾಕಿನೂ ನಾನೇ. ನಾನೇ ನುಂಗಿದೆ ಅವರನ್ನ."

ಬೆಲ್ಲದ ಹೆಬ್ಬೆರಳು ನನ್ನದು, ಮೈಲಿಗೆಯ ಮಾತು ಅವರದು. ನಾನು ಏನಂದೆ ಗೊತ್ತೇ? "ಹಾಂಗೆಲ್ಲ ತಿಳ್ಕೋಬ್ಯಾಡ್ರಿ ವೈನಿ, ಹಣೆಬರಹ," ಅಂದೆ. ಸಮಾಧಾನ ಹೇಳಿದಂತೆಯೂ ಆಯಿತು, ನಿಜ ಹೇಳುವುದೂ ತಪ್ಪಿತು. ಮಾಳಪ್ಪನಿಗೆ ಮಾಡಿದ್ದು ಗಡಿಬಿಡಿಯಲ್ಲಿ ಆದದ್ದು ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದು ಮರದ ನೆರಳಿನಲ್ಲಿ ಕೂತು, ಚಹಾ ಕುಡಿಯುತ್ತ, ಬುದ್ಧಿಪೂರ್ವಕವಾಗಿ ಮಾಡಿದ್ದು.

ಆಮೇಲೆ ಅವರು ಗುಡಿಯ ಹೊಸ್ತಿಲು ತುಳಿಯಲಿಲ್ಲ. ಮದುವೆ, ತೊಟ್ಟಿಲು, ಯಾವ ಒಳ್ಳೆಯ ಕೆಲಸದಲ್ಲೂ ಮುಂದೆ ನಿಲ್ಲಲಿಲ್ಲ. ಯಾರೋ ಬೇಡವೆಂದದ್ದಕ್ಕಲ್ಲ, ತಮ್ಮಿಂದ ಕೆಡುತ್ತದೆ ಎಂದು ತಾವೇ ನಂಬಿದ್ದಕ್ಕೆ. ನಾನು ಪ್ರತಿ ಹಬ್ಬಕ್ಕೂ ಅವರ ಮನೆಗೆ ಹೋಗುತ್ತಿದ್ದೆ. ಮಗಳು ಗೌರಾಳ ಓದಿಗೆ ನಿಂತೆ, ಉದಗೀರಿನ ಕಾಲೇಜಿಗೆ ಸೇರಿಸಿದೆ. ಅವಳು ನನ್ನನ್ನು ಕಾಕಾ ಎಂದು ಕರೆದಾಗಲೆಲ್ಲ ಒಳಗೆ ಏನೋ ಚುಚ್ಚುತ್ತಿತ್ತು. ಚುಚ್ಚಲಿ ಎಂದು ಇನ್ನಷ್ಟು ಮಾಡುತ್ತಿದ್ದೆ — ಮಾಡಿದಷ್ಟೂ ಹೇಳುವುದು ಕಷ್ಟವಾಯಿತು.

ಈ ವರ್ಷ ಪಾಳಿ ತಿರುಗಿ ನಮ್ಮ ಮನೆಗೆ ಬಂತು. ಅದೇ ಹೊತ್ತಿಗೆ ದೇವಣಿಯ ಒಂದು ಮನೆಯವರು ಗೌರಾಳನ್ನು ಕೇಳಿಕೊಂಡು ಬಂದರು. ಹುಡುಗ ಒಳ್ಳೆಯವನು, ಅವಳಿಗೂ ಒಪ್ಪಿಗೆ. ವೈನಿ ನನಗೆ ಫೋನ್ ಮಾಡಿದರು: "ಕೌಲು ನೀವೇ ಹಚ್ಚ್ರಿ, ಭಾವೂಜಿ. ಅಪ್ಪನ ಜಾಗಾದಾಗ ನೀವೇ ಕೂಡ್ರಿ. ನಾ ಬರಲ್ಲ. ಲಗ್ನದಾಗೂ ನಾ ಒಳಗೇ ಇರ್ತೀನಿ. ನಾ ಬಂದ್ರ ಅದೂ ಕೆಡ್ತದ."

ಫೋನ್ ಇಟ್ಟೆ. ಒಬ್ಬಳೇ ಮಗಳ ಮದುವೆಯಲ್ಲಿ ತಾಯಿ ಕತ್ತಲೆ ಕೋಣೆಯಲ್ಲಿ, ನಾನು ಹಂದರದಲ್ಲಿ, ತಲೆಗೆ ಪಟಕಾ ಸುತ್ತಿಕೊಂಡು, ಅಪ್ಪನ ಜಾಗದಲ್ಲಿ. ಇನ್ನು ಹೇಳದೆ ಇರಲು ನನ್ನಿಂದ — ಇಲ್ಲ, ಆಗಲಿಲ್ಲ.

ಮರುದಿನ ಹೋದೆ. ವೈನಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ — ಬೆಲ್ಲ, ಹೆಬ್ಬೆರಳು, ಡಿಂಗ್ಬೋಚೆ, ನೀರು ಕುಡಿ ಅಂದದ್ದು. ಮೈಲಿಗೆಯ ಮಾತು ಕೇಳಿಯೂ ಸುಮ್ಮನಿದ್ದದ್ದು. ಮೊರ ಹಿಡಿದ ಅವರ ಕೈ ನಿಂತಿತ್ತು. ಬೈಯುತ್ತಾರೆ, ಅಳುತ್ತಾರೆ ಎಂದು ಕಾಯ್ದೆ. ಅವರು ಒಂದೇ ಒಂದು ಕೇಳಿದರು.

"ಗುಡ್ಡದ ಮ್ಯಾಲ ಹೇಳಿದ್ರ ಅವರು ಇಳೀತಿದ್ರಾ?"

"ಇಳೀತಿದ್ದ, ವೈನಿ."

ಅವರು ಮೊರವನ್ನು ಕೆಳಗಿಟ್ಟರು. ನನ್ನ ಕಡೆ ನೋಡದೆ ಅಂದರು: "ಗೌರಾ ಸಂಜಿ ಬಸ್ಸಿಗಿ ಬರ್ತಾಳ. ಆಕಿಗಿ ನೀವೇ ಹೇಳ್ರಿ. ನಾ ಹೇಳಲ್ಲ."

ಕಟ್ಟೆಯ ಮೇಲೆ ಕೂತು ಕಾಯ್ದೆ. ನೀರು ಬೇಕೇ ಎಂದು ಕೂಡ ಅವರು ನನ್ನನ್ನು ಕೇಳಲಿಲ್ಲ, ಅದು ಸರಿಯಾಗಿಯೇ ಇತ್ತು. ಬಸ್ಸು ಬಂತು. ಗೌರಾ ದೂರದಿಂದಲೇ ನನ್ನನ್ನು ಕಂಡು, "ಕಾಕಾ, ಯಾವಾಗ ಬಂದ್ರಿ? ಕೌಲಿನ ದಿನಾ ಗೊತ್ತಾತೇನು?" ಎನ್ನುತ್ತ ಬಂದು ಪಕ್ಕದಲ್ಲಿ ಕೂತಳು. ಹೇಗೆ ಶುರು ಮಾಡಬೇಕೆಂದು ಮಧ್ಯಾಹ್ನವೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡ ಮಾತುಗಳೆಲ್ಲ ಹೋದವು.

"ನಿಮ್ಮಪ್ಪನ್ನ ಬೀರಪ್ಪ ಕಳಸಿರಲಿಲ್ಲವ್ವಾ," ಅಂದೆ. "ನಾ ಕಳಸಿದ್ದೆ."

ಪೂರ್ತಿ ಕೇಳಿದಳು. ಕೇಳಿ, ಪಕ್ಕದಿಂದ ಎದ್ದು ತಾಯಿಯ ಹತ್ತಿರ ಹೋಗಿ ನಿಂತಳು.

ಊರಿನ ಹಿರಿಯರ ಮುಂದೆಯೂ ಇದನ್ನೇ ಹೇಳಿ ಪೂಜೆಯ ಪಾಳಿ ಬಿಟ್ಟುಕೊಟ್ಟಿದ್ದೇನೆ. ಮದುವೆ ಹೋದ ತಿಂಗಳು ಆಯಿತು. ಬಳಗದವರು ಏನೇನೋ ಅಂದರೂ ಕೇಳದೆ, ಸುಮಿತ್ರಾ ವೈನಿ ಎಲ್ಲರ ಮುಂದೆ ಬಂದು ನಿಂತು ಮಗಳಿಗೆ ಮೊದಲ ಅರಿಶಿನ ತಾವೇ ಹಚ್ಚಿದರಂತೆ. ಹೋಗಿದ್ದವರು ಬಂದು ಹೇಳಿದರು. ನನ್ನನ್ನು ಯಾರೂ ಕರೆದಿರಲಿಲ್ಲ.